ಎರಡನೆಯ ಮಹಡಿಯ ರಾಜ

ಕಾರ್ಕಳದ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕುಳಿತು, ಪಿಸುಗುಟ್ಟಿದವರನ್ನೂ ಬಿಡದೆ ‘ಶ್ಶ್’ ಎಂದು ಸುಮ್ಮನಿರಿಸಿದವನು ನಾನು. ಅಂಥವನ ಮೇಲೆ ನಿವೃತ್ತಿಯಾದ ಮೇಲೆ ಗಲಾಟೆಯ ದೂರು ಬಂತೆಂದು ತಿಳಿದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಎಷ್ಟು ಖುಷಿಯಾದೀತೆಂದು ಯೋಚಿಸಿ ಇದನ್ನು ಇಷ್ಟು ದಿನ ಬಚ್ಚಿಟ್ಟಿದ್ದೆ. ನಿಮ್ಮಲ್ಲಿ ಹೇಳಲು ಅಡ್ಡಿಯಿಲ್ಲ.

ಗಲಾಟೆಗೆ ಕಾರಣ ತಾಳಮದ್ದಳೆ. ನಮ್ಮ ಕರಾವಳಿಯಲ್ಲಿ ಇದೊಂದು ಸುಖವಾದ ಚಟ. ಯಕ್ಷಗಾನದ ಹಾಗೆ ವೇಷ ಕಟ್ಟಬೇಕಾಗಿಲ್ಲ, ಕುಣಿಯಬೇಕಾಗಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ನಾವು ಪಂಚೆ ಶಾಲಿನಲ್ಲಿ ಕುಳಿತು ಪಾತ್ರದ ಮಾತನ್ನು ಅಲ್ಲಿಯೇ ಕಟ್ಟಿ ಆಡುತ್ತೇವೆ. ಅದಕ್ಕೆ ‘ಅರ್ಥ ಹೇಳುವುದು’ ಎನ್ನುತ್ತಾರೆ. ಅಲ್ಲಿಯೇ ಕಟ್ಟುತ್ತೇವೆ ಎಂಬುದು ಸಭೆಗೆ ಹೇಳುವ ಮಾತು. ನನ್ನಂಥವರು ಮನೆಯಲ್ಲಿ ಎರಡು ತಿಂಗಳು ಅಭ್ಯಾಸ ಮಾಡಿಕೊಂಡೇ ಹೋಗುವುದು.

ನಾವಿರುವುದು ಉಡುಪಿಯ ಕಡಿಯಾಳಿಯಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಕಾರ್ಕಳದ ಸಂಘವೊಂದು ಹೊಸ ಪ್ರಸಂಗದಲ್ಲಿ ನನಗೊಂದು ಪಾತ್ರ ಕೊಟ್ಟಿತ್ತು. ಮಂತ್ರಿಯ ಬುದ್ಧಿಮಾತು ಕೇಳದೆ ಯುದ್ಧಕ್ಕೆ ಹೋಗಿ ಸೋಲುವ ರಾಜ. ಆ ಯುದ್ಧದಲ್ಲಿ ಮಂತ್ರಿಯ ಮಗನೂ ಸಾಯುತ್ತಾನೆ. ರಾಜ ಬಂದು ಮಂತ್ರಿಯ ಕ್ಷಮೆ ಕೇಳಬೇಕು. ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಕಾಫಿ ಕುಡಿದು ನಾನು ಯುದ್ಧ ಸಾರುತ್ತಿದ್ದೆ. ಹನ್ನೊಂದರ ಹೊತ್ತಿಗೆ ಸೋಲುತ್ತಿದ್ದೆ.

ಒಂದು ದಿನ ಯುದ್ಧದ ನಡುವೆಯೇ ಕರೆಗಂಟೆ ಸದ್ದು ಮಾಡಿತು. ಕೆಳಗಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಲವೀನಾ. ಕಾಪುವಿನ ಕಡೆಯವರು, ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನರ್ಸು. ಕಣ್ಣು ಕೆಂಪಾಗಿತ್ತು.

“ಅಂಕಲ್, ಬೇಸರ ಮಾಡ್ಬೇಡಿ. ನನಗೆ ಈ ತಿಂಗಳು ಹೆಚ್ಚು ನೈಟ್ ಡ್ಯೂಟಿ. ಬೆಳಿಗ್ಗೆ ಬಂದು ಮಲಗುವಾಗ ನೀವು ಸುರು ಮಾಡ್ತೀರಿ. ಸ್ವಲ್ಪ ಮೆಲ್ಲ ಹೇಳ್ಲಿಕ್ಕೆ ಆಗ್ತದಾ?”

ಇಷ್ಟೇ ಕೇಳಿದ್ದು. ನಾನೋ ರಾಜನ ಗುಂಗಿನಲ್ಲಿದ್ದವನು. ಬಾಗಿಲಲ್ಲೇ ನಿಲ್ಲಿಸಿಕೊಂಡು ಹತ್ತು ನಿಮಿಷ ವಾಕ್ ಸ್ವಾತಂತ್ರ್ಯದ ಬಗ್ಗೆ ಅರ್ಥ ಹೇಳಿದೆ. ಸಂವಿಧಾನ ಬಂತು, ಕಲೆ ಬಂತು, ಹಗಲು ಹೊತ್ತಿನಲ್ಲಿ ಪ್ರಜೆಗಿರುವ ಹಕ್ಕೂ ಬಂತು. ಅವರು ಗೋಡೆಗೆ ಒರಗಿ ಪೂರ್ತಿ ಕೇಳಿದರು.

“ಮಾತಾಡ್ಬೇಡಿ ಅಂತ ನಾನು ಹೇಳಿದ್ದಲ್ಲ ಅಂಕಲ್,” ಎಂದು ಮೆಟ್ಟಿಲಿಳಿದು ಹೋದರು.

ಗೆದ್ದೆ ಅಂದುಕೊಂಡೆ. ಮರುದಿನ ಸ್ವಲ್ಪ ಜೋರಾಗಿಯೇ ಯುದ್ಧ ಸಾರಿದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಶಬ್ದದ ವಿಷಯದಲ್ಲಿ ನಾವೆಲ್ಲ ಹೀಗೆಯೇ ಅಲ್ಲವೇ? ನಮ್ಮ ಮನೆಯ ಮಿಕ್ಸಿ ಚಟ್ನಿ ಅರೆಯುತ್ತದೆ, ಪಕ್ಕದ ಮನೆಯದು ತಲೆ ತಿನ್ನುತ್ತದೆ. ನಮ್ಮ ಭಜನೆಯ ಮೈಕು ಭಕ್ತಿ, ಅವರ ಮದುವೆಯ ಡಿಜೆ ಉಪದ್ರವ. ಕನ್ನಡದಲ್ಲಿ ದನಿ, ಸದ್ದು, ಗದ್ದಲ, ಗಲಾಟೆ ಎಂದು ಬೇಕಾದಷ್ಟು ಶಬ್ದಗಳಿವೆ. ನಮ್ಮ ಕಡೆ ಸಾಲದೆಂಬಂತೆ ಬೊಬ್ಬೆಯೂ ಉಂಟು. ಹಳೆಯ ಅಭ್ಯಾಸದಿಂದ ನಿಘಂಟು ತೆರೆದು ಇವುಗಳ ವ್ಯತ್ಯಾಸ ಹುಡುಕಿದೆ. ನನ್ನದು ಇವುಗಳಲ್ಲಿ ಯಾವುದೆಂದು ತೀರ್ಮಾನಿಸುವ ಕಿವಿ ಒಂದು ಮಹಡಿ ಕೆಳಗಿತ್ತು. ಆ ಸಂಗತಿ ಮಾತ್ರ ನಿಘಂಟಿನಲ್ಲಿರಲಿಲ್ಲ.

ವಾರ ಕಳೆದಿರಬೇಕು. ಹೆಂಡತಿ ಶಾರದೆ ದೇವಸ್ಥಾನದಿಂದ ಬಂದವಳು ಚಪ್ಪಲಿ ಬಿಡುವಾಗಲೇ ಹೇಳಿದಳು: “ಕೆಳಗಿನ ಲವೀನಾ ಸ್ಕೂಟರಿನಿಂದ ಬಿದ್ದದ್ದಂತೆ. ಡ್ಯೂಟಿ ಮುಗಿಸಿ ಬರುವಾಗ ಇಂದ್ರಾಳಿ ಹತ್ತಿರ ಕಣ್ಣು ಮುಚ್ಚಿ ಹೋಯ್ತಂತೆ. ಕೈಗೆ ಪಟ್ಟಿ ಕಟ್ಟಿದ್ದಾರೆ. ದೊಡ್ಡದೇನೂ ಆಗ್ಲಿಲ್ಲ, ಪುಣ್ಯ.”

ನಾನು ಕುರ್ಚಿಯಲ್ಲಿ ಕುಳಿತೆ. ಹಿಂದಿನಿಂದ ಲಾರಿಯೋ ಬಸ್ಸೋ ಬರುತ್ತಿದ್ದರೆ ಎಂಬ ಯೋಚನೆ ಬಂದದ್ದೇ ಕೈಯಲ್ಲಿದ್ದ ಪ್ರಸಂಗದ ಹಾಳೆಗಳನ್ನು ಮಡಚಿಟ್ಟೆ.

“ನನ್ನಿಂದಲೇ ಆಯಿತು ಅಂದರಾ?”

“ಅವರು ನಿಮ್ಮ ಹೆಸರೇ ಎತ್ತಲಿಲ್ಲ. ನೀವೇ ಹೋಗಿ ಕೇಳಿ,” ಎಂದವಳು ಮಟ್ಟುಗುಳ್ಳದ ಸಾಂಬಾರನ್ನು ಡಬ್ಬಕ್ಕೆ ಹಾಕಿ ನನ್ನ ಕೈಗಿಟ್ಟಳು.

ಮೆಟ್ಟಿಲಿಳಿಯುವಾಗ ಒಳ್ಳೆಯ ಪೀಠಿಕೆಯೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡೆ. ಬಾಗಿಲು ತೆರೆದ ಲವೀನಾರ ಪಟ್ಟಿ ಕಟ್ಟಿದ ಕೈ ಕಂಡದ್ದೇ ಪೀಠಿಕೆ ಮರೆತೇಹೋಯಿತು. “ಬದನೆಯ ಸಾಂಬಾರು. ಉಪ್ಪು ಸ್ವಲ್ಪ ಕಡಿಮೆಯಿರಬಹುದು,” ಎಂದೆ. ಆಮೇಲೆ, “ತಪ್ಪಾಯಿತು,” ಎಂದೆ.

ಲವೀನಾ ಒಳಗೆ ಕರೆದು ಕೂರಿಸಿದರು. ಡಬ್ಬ ಅಡುಗೆಮನೆಯಲ್ಲಿಟ್ಟು ಬಂದು ನನ್ನನ್ನೇ ನೋಡಿದರು.

“ಅಂಕಲ್, ಈಗ ನೀವು ಹೇಳಿದ್ರಲ್ಲ, ಹಾಗೆ ನಿಮ್ಮ ರಾಜ ಯಾಕೆ ಹೇಳುದಿಲ್ಲ?”

“ಯಾವ ರಾಜ?”

“ದಿನಾ ಬೆಳಿಗ್ಗೆ ಸೋಲ್ತಾನಲ್ಲ, ಅವನು. ನಿದ್ರೆ ಬಾರದೆ ನನಗೆ ಅವನ ಮಾತೆಲ್ಲ ಬಾಯಿಪಾಠ ಆಗಿದೆ. ಯುದ್ಧಕ್ಕೆ ಹೊರಡುದು ಚಂದ ಉಂಟು. ಮಗ ಹೋದ ಮಂತ್ರಿಯ ಎದುರು ಕ್ಷಮೆ ಕೇಳ್ಲಿಕ್ಕೆ ಅವನಿಗೆ ಅರ್ಧ ಗಂಟೆ ಎಂತಕ್ಕೆ? ವಾರ್ಡಿನಲ್ಲಿ ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಒಬ್ಬ ತಮ್ಮ ಬಂದು ಅಣ್ಣನ ಮಂಚದ ಹತ್ತಿರ ನಿಲ್ತಾನೆ, ಹತ್ತು ವರ್ಷ ಮಾತು ಬಿಟ್ಟವರು. ಎರಡು ಶಬ್ದ ಹೇಳ್ತಾನೆ, ಅಷ್ಟೆ. ಮತ್ತೆ ಕಾಲು ಒತ್ತುತ್ತಾ ಕೂತ್ಕೊಳ್ತಾನೆ.”

ನನಗೆ ಇಷ್ಟು ಗಮನವಿಟ್ಟು ಕೇಳಿದ ಶ್ರೋತೃ ಅದುವರೆಗೆ ಸಿಕ್ಕಿರಲಿಲ್ಲ. ಸಿಕ್ಕಿದ ಈ ಒಬ್ಬರಿಗೆ ನಾನು ನಿದ್ದೆ ಮಾಡಲು ಬಿಟ್ಟಿರಲಿಲ್ಲ.

ಅಂದೇ ಅವರ ತಿಂಗಳ ಡ್ಯೂಟಿ ಪಟ್ಟಿಯ ಒಂದು ಪ್ರತಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಬಂತು. ಅವರು ಹಗಲು ಕೆಲಸಕ್ಕೆ ಹೋದ ದಿನ ನನ್ನ ಯುದ್ಧ ಮನೆಯಲ್ಲಿ. ಅವರು ಮಲಗುವ ದಿನಗಳಲ್ಲಿ ಬಸ್ಸು ಹಿಡಿದು ಕಾಪುವಿನ ಕಡಲ ತೀರಕ್ಕೆ ಹೋಗುತ್ತಿದ್ದೆ. ಬಲೆ ಸರಿಮಾಡುತ್ತಿದ್ದ ಒಬ್ಬರು ಮೊದಲ ದಿನ, “ಎಂತ ಮಾರಾಯ್ರೆ, ಯಾರಲ್ಲಿ ಜಗಳ?” ಎಂದು ಕೇಳಿದರು. ಎರಡನೆಯ ದಿನದಿಂದ ಬಲೆ ಸರಿಮಾಡುತ್ತಲೇ ಕಿವಿಗೊಟ್ಟರು. ಕಡಲಿನ ಮುಂದೆ ಎಷ್ಟು ಕೂಗಿದರೂ ಅದರದ್ದೇ ಮೇಲುಗೈ. ಹಾಗಾಗಿ ನಾನು ಕೂಗುವುದನ್ನು ಬಿಟ್ಟು, ಆಡುವ ಮಾತಿನ ಬಗ್ಗೆ ಯೋಚಿಸತೊಡಗಿದೆ.

ಕಾರ್ಕಳದ ಕೂಟ ಒಂದು ಭಾನುವಾರ ಮಧ್ಯಾಹ್ನ ನಡೆಯಿತು. ಶಾರದೆಯ ಜೊತೆ ಲವೀನಾ ಕೂಡ ಬಂದು, ಸಭೆಯ ಕಟ್ಟಕಡೆಯ ಸಾಲಿನಲ್ಲಿ ಕುಳಿತರು. ಕ್ಷಮೆ ಕೇಳುವ ಪದ್ಯ ಮುಗಿಯಿತು. ಮಂತ್ರಿಯ ಅರ್ಥ ಹೇಳುವವರು ನನ್ನ ಅರ್ಧ ಗಂಟೆಗೆ ತಯಾರಾಗಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ನಾನು ಅವರ ಕಡೆ ತಿರುಗಿ, “ನಿಮ್ಮ ಮಾತು ಕೇಳಬೇಕಿತ್ತು. ಕೇಳಲಿಲ್ಲ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ.

ಮದ್ದಳೆಯವರ ಕೈ ಮದ್ದಳೆಯ ಮೇಲೆಯೇ ನಿಂತಿತು. ಮಂತ್ರಿ ಅವಸರದಲ್ಲಿ ಎಲೆಯಡಿಕೆ ನುಂಗಿದರು. ಅವರ ಕಣ್ಣು ತುಂಬಿದ್ದು ಅದರಿಂದಲೋ ನನ್ನ ಮಾತಿನಿಂದಲೋ ಇಂದಿಗೂ ನನಗೆ ಗೊತ್ತಿಲ್ಲ. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ.

ಕೂಟ ಮುಗಿದ ಮೇಲೆ ಮೈಕಿನವರು ಬಂದು, “ನಡುವೆ ಒಮ್ಮೆ ಮೈಕು ಕೈಕೊಟ್ಟಿತಾ ಅಂತ ಹೆದರಿದೆ,” ಎಂದರು. ನನಗೂ ಸ್ವಲ್ಪ ಅನುಮಾನ ಬಂತು. ಹೊರಗೆ ಚಹಾದ ಲೋಟ ಹಿಡಿದು ನಿಂತಿದ್ದ ಲವೀನಾರನ್ನು ಕೇಳಿದೆ: “ಅಲ್ಲಿಗೆ ಕೇಳಿತಾ?”

“ಕೇಳಿತು ಅಂಕಲ್,” ಎಂದರು ಅವರು. “ನನ್ನ ಪಕ್ಕದಲ್ಲಿದ್ದ ಅಜ್ಜಿಗೆ ಕಿವಿ ಕೇಳುದಿಲ್ಲ. ಅವರಿಗೂ ಕೇಳಿತು.”