ವಾಲಿದ ಸಾಗುವಾನಿಯ ಉಂಗುರಗಳು

ಹೋದ ವಾರ ಮುಂಬಯಿ ಹತ್ತಿರದ ಕಲ್ಯಾಣದ ಮರದ ಅಂಗಡಿಯೊಂದರಲ್ಲಿ ಆಗತಾನೇ ಸೀಳಿದ ಸಾಗುವಾನಿಯ ವಾಸನೆ ಮೂಗಿಗೆ ಬಡಿಯಿತು. ಹಳೇ ಚರ್ಮದಂಥ, ತುಸು ಎಣ್ಣೆ ಬೆರೆತ ವಾಸನೆ... ಡೊಂಬಿವಲಿಯಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಬಾಟನಿ ಟೀಚರ್ ನೆನಪಾದರು.

ಉಡುಪಿ ಕಡೆಯವರು, ಒಬ್ಬರೇ ಇದ್ದರು. ನಿವೃತ್ತರಾದ ಮೇಲೂ ಪರ್ಸಿನಲ್ಲೊಂದು ಪುಟ್ಟ ಭೂತಗನ್ನಡಿ ಇರುತ್ತಿತ್ತು. ನಮ್ಮಿಬ್ಬರ ಮನೆಗೂ ಕೆಲಸಕ್ಕೆ ಬರುತ್ತಿದ್ದವಳು ಬಿಜಾಪುರದ ಹೆಂಗಸು. ಮುಂಬ್ರಾ ಗುಡ್ಡದ ಬುಡದ ಸಾಲುಮನೆಗಳ ಚಾಳಿನಲ್ಲಿ ಎರಡು ಮಕ್ಕಳೊಂದಿಗೆ ವಾಸ. ಒಂದು ಮೇ ತಿಂಗಳಲ್ಲಿ ಅವಳು ಟೀಚರಿಗೆಂದು ದುಂಡನೆಯ ಮರದ ತುಂಡು ತಂದಳು, ತರಕಾರಿ ಹೆಚ್ಚಲಿಕ್ಕೆ. ಮನೆ ಹಿಂದಿನ ಸಾಗುವಾನಿ ವಾಲಿತ್ತೆಂದು ಚಾಳಿನವರು ಕಡಿದಿದ್ದರಂತೆ.

ಟೀಚರ್ ಅದನ್ನು ಒದ್ದೆ ಮಾಡಿ, ಬ್ಲೇಡಿನಿಂದ ಕೆರೆದು, ಭೂತಗನ್ನಡಿ ಹಿಡಿದು ನನಗೂ ತೋರಿಸಿದರು. ನಡುವಿನ ಉಂಗುರಗಳು ದುಂಡಗಿದ್ದವು. ಆಚೆಗೆ ಮೂರು ಕಡೆ ಉಂಗುರ ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕೂದಲೆಳೆಯಷ್ಟು. ಅಗಲವಾದಲ್ಲಿ ನೀರೇರುವ ರಂಧ್ರಗಳು ಸಣ್ಣವು. ಗರಗಸ ಹಾದ ಮೈ ಹತ್ತಿಯಂತೆ ಎದ್ದಿತ್ತು.

"ಯಾವ ಕಡೆ ವಾಲಿತ್ತು?" ಎಂದರು ಟೀಚರ್.

"ನಮ್ಮ ಮನೀ ಕಡೆಗೇರಿ."

"ಬುಡದ ಮಣ್ಣು ಜಾರಿದ್ರೆ ಮರ ತನ್ನನ್ನು ಹಿಂದಕ್ಕೆ ಎಳ್ಕೊಳ್ಲಿಕ್ಕೆ ಮೇಲಿನ ಪಕ್ಕದಲ್ಲಿ ಬೇರೆ ನಮೂನೆಯ ಕಟ್ಟಿಗೆ ಬೆಳೆಸ್ತದೆ. ಇದು ಮೂರು ಸಲ ಎಳ್ಕೊಂಡಿದೆ, ಕೊನೆಯದ್ದು ಹೋದ ಮಳೆಗೆ. ಗುಡ್ಡ ಜಾರ್ತಾ ಉಂಟು ಮಾರಾಯ್ತಿ."

ಮರುದಿನವೇ ಲೋಕಲ್ ರೈಲು ಹಿಡಿದು ಹೋಗಿ ನೋಡಿದರು. ಉಳಿದ ಮರಗಳೂ ಬುಡದಲ್ಲಿ ಬಾಗಿದ್ದವು. ಮನೆಮನೆಗೂ ಹೇಳಿದರೆ ಜನ ನಕ್ಕರು. ಕೆಲಸದವಳ ಪಕ್ಕದ ಮನೆಯ ಮುದುಕ ಚಹಾ ಕೊಟ್ಟು, "ತೀಸ್ ಸಾಲ್ ಸೇ ಯಹೀಂ ಹೂಂ, ಮೇಡಂ" ಎಂದನಂತೆ; ಮೂವತ್ತು ವರ್ಷದಿಂದ ಅಲ್ಲೇ ಇದ್ದವನು.

"ನಾ ಎಲ್ಲಿಗಿ ಹೋಗ್ಲಿರಿ ಟೀಚರ್?" ಎಂದು ಕೆಲಸದವಳು ಅತ್ತಳು.

"ಮಳೆ ಮುಗಿಯುವವರೆಗೆ ಮಕ್ಕಳನ್ನು ಕರ್ಕೊಂಡು ಬಂದು ನಮ್ಮ ಹಾಲ್‌ನಲ್ಲಿ ಇರು."

ನಮ್ಮ ಕಟ್ಟಡದ ಸೊಸೈಟಿ ಸೆಕ್ರೆಟರಿ ತಕರಾರು ತೆಗೆದರು. ಟೀಚರ್ ಜಗ್ಗಲಿಲ್ಲ.

ಜುಲೈಯ ಒಂದು ಮಧ್ಯಾಹ್ನ ಗುಡ್ಡ ಕುಸಿಯಿತು. ಅವಳ ಖೋಲಿ ಪೂರ್ತಿ ಮುಚ್ಚಿಹೋಯಿತು. ಪಕ್ಕದ ಖೋಲಿಯೂ, ಒಳಗಿದ್ದ ಆ ಮುದುಕನೂ...

ಆ ಹೊತ್ತಿಗೆ ಅವಳ ಮಕ್ಕಳು ಟೀಚರ ಹಾಲ್‌ನಲ್ಲಿ ಕೇರಂ ಆಡುತ್ತಿದ್ದರು. ನಾವೆಲ್ಲ ಟೀಚರನ್ನು ಹೊಗಳಿದೆವು. ಅವರು ಮಾತ್ರ ಬಹಳ ದಿನ ಒಂದೇ ಮಾತು ಹೇಳುತ್ತಿದ್ದರು: "ಚಾ ಕುಡಿದು ಬಂದುಬಿಟ್ಟೆ. ಇನ್ನೊಮ್ಮೆ ಹೋಗಿ ಹೇಳ್ಬೇಕಿತ್ತು."

ಟೀಚರ್ ತೀರಿಕೊಂಡು ಒಂದು ವರ್ಷವಾಯಿತು. ನಾನೀಗ ಸೀವುಡ್ಸ್‌ನಲ್ಲಿದ್ದೇನೆ; ಆ ಬಿಜಾಪುರದ ಹೆಂಗಸು ವಿಠ್ಠಲವಾಡಿಯಲ್ಲಿ. ಆ ಮರದ ಅಂಗಡಿಯಿಂದ ಹೊರಬಂದವಳೇ ಅವಳಿಗೆ ಫೋನ್ ಮಾಡಿದೆ.

"ವರ್ಷಾ ಮಳಿ ಹತ್ತಿದ ಕೂಡ್ಲೇ ಟೀಚರ್ ಫೋನ್ ಮಾಡ್ತಿದ್ರು ರೀ, ಗ್ವಾಡಿ ಬಿರುಕು ಬಿಟ್ಟಾವೇನ ನೋಡು ಅಂತ," ಎಂದಳು. "ಈ ಸಲ ಯಾರೂ ಕೇಳ್ಲಿಲ್ರಿ."

ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.