ನೂಕಿ ನೋಡಿ ಕೊಂಡ ಗಾಡಿ

ಎರಡು ಸಾವಿರದ ಎಂಟನೇ ಇಸವಿಯ ಶ್ರಾವಣ. ಪಂಚಮಿ ಹತ್ತಿರ ಬಂದಿತ್ತು. ಅಕ್ಕ ಹಾಲಮ್ಮನನ್ನು ಕರೆತರಲು ಕೂಡ್ಲಿಗಿಯಿಂದ ಬೆಳಗಿನ ಮೊದಲ ಬಸ್ಸು ಹತ್ತಿದೆ. ನನ್ನ ಹತ್ತಿರ ಬೈಕ್ ಇತ್ತು. ಆದರೆ ಅಕ್ಕ ಫೋನಿನಲ್ಲೇ ತಾಕೀತು ಮಾಡಿದ್ದಳು: “ಬಸ್ಯಾ, ಗಾಡಿ ಮನಿಯಾಗ ಬಿಟ್ಟು ಬಸ್ಸಿಗೆ ಬಾ. ಹೋದ ವರ್ಷದಂಗ ಹಾದ್ಯಾಗ ಕೈ ಕೊಟ್ಟರ ಏನ್ ಮಾಡ್ತಿ?”

ಹೋದ ವರ್ಷದ ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿನವರೇ ಹೋಗಿ ಕರೆಯಬೇಕು. ಕರೆಯದೆ ಅವರು ತಾವಾಗಿ ಬರುವುದಿಲ್ಲ. ಬರುತ್ತೇನೆ ಎಂದು ಹೇಳಿದ್ದ ನಾನು, ಡ್ಯಾಮಿನ ಗೇಟು ತೆಗೆದಿದ್ದಾರೆಂದು ಗೆಳೆಯರು ಕರೆದದ್ದೇ ತಡ, ಹೊಸಪೇಟೆ ಕಡೆಗೆ ಬೈಕ್ ತಿರುಗಿಸಿದೆ. ಅಕ್ಕ ಶೇಂಗಾ ಉಂಡೆ ಕಟ್ಟಿಕೊಂಡು ಗಂಡನ ಊರಾದ ತಂಬ್ರಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ಕೂತಿದ್ದಳಂತೆ. ಮರುದಿನ ಕೇಳಿದಾಗ, ಹಾದಿಯಲ್ಲಿ ಬೈಕ್ ಕೆಟ್ಟಿತು, ಬಿಸಿಲಲ್ಲಿ ನೂಕಿಕೊಂಡು ಮನೆ ಸೇರಿದೆ ಎಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಫೋನಿನಲ್ಲಿ ಅತ್ತಳು. “ಎಷ್ಟು ದಣಿದಿಯೋ ನನ್ನ ತಮ್ಮಾ” ಎಂದಳು. ಅಂದು ನನ್ನ ಬೈಕ್ ಡ್ಯಾಮಿಗೆ ಹೋಗಿ ಒಮ್ಮೆಯೂ ಕೆಮ್ಮದೆ ಮನೆಗೆ ಬಂದಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸಿಳಿದು ಟಂಟಂ ಆಟೋ ಹಿಡಿದು ತಂಬ್ರಹಳ್ಳಿ ಮುಟ್ಟಿದಾಗ ಅಕ್ಕ ಚೀಲ ಕಟ್ಟಿಕೊಂಡು ತಯಾರಾಗಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಚಹಾ ಕೊಟ್ಟು ವಿಷಯ ತೆಗೆದಳು. ಅವಳು ಜಂಪರ್, ಅಂದರೆ ಹೆಂಗಸರ ರವಿಕೆ, ಹೊಲಿಯುವವಳು. ಸುತ್ತಿನ ಹಳ್ಳಿಗಳಿಗೆ ಬಟ್ಟೆ ಮುಟ್ಟಿಸಲು ಒಂದು ಗಾಡಿ ಬೇಕಿತ್ತು.

“ಬ್ಯಾಟರಿ ಗಾಡಿ ಬಂದಾವಲ್ಲ, ಅದನ್ನ ತಗೊಂತೀನಿ. ಎಂಜಿನ್ ಇರೋದು ಬ್ಯಾಡಪ್ಪ. ನೀ ಪಟ್ಟ ಪಾಡು ಸಾಕು. ಸುತ್ತು ಹಾಕ್ಕೊಂಡು ಎಲ್ಲಾ ಊರಾಗ ನೋಡ್ಕೋತ ಹೋಗೂಣು.”

ನನ್ನ ಸುಳ್ಳನ್ನು ನಂಬಿ ಅವಳು ಹೊಲಿದು ಕೂಡಿಟ್ಟ ದುಡ್ಡು ಬಿಚ್ಚಲಿದ್ದಳು. ಕೊಳ್ಳುವ ಮುಂಚೆ ನಿಜ ಹೇಳಿಬಿಡಬೇಕೆಂದು ಅಲ್ಲೇ ನಿಶ್ಚಯಿಸಿದೆ.

ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿ ಗಾಡಿ ಇತ್ತು, ಬ್ಯಾಟರಿ ಬಂದಿರಲಿಲ್ಲ. ಹಡಗಲಿ ಬಸ್ಸು ಹತ್ತಿದೆವು. ಹಿಂದಿನ ರಾತ್ರಿ ಮಳೆಯಾಗಿ ಎರಡೂ ಕಡೆ ಎರೆಹೊಲ ಕಪ್ಪಗೆ ಮಿಂಚುತ್ತಿತ್ತು. ನಿಂತೇ ಇದ್ದ ಅಕ್ಕನಿಗೆ ಯಾರೋ ಮುದುಕಿ ಸೀಟಿನ ಮೇಲಿದ್ದ ಬುಟ್ಟಿಯನ್ನು ತೊಡೆಗೇರಿಸಿಕೊಂಡು ಜಾಗ ಕೊಟ್ಟಳು. ಇಳಿದೊಡನೆ ಅಕ್ಕನಿಗೆ ಒಂದು ಮೊಳ ಮಲ್ಲಿಗೆ ಕೊಡಿಸಿದೆ. ಅಂಥ ಘಮ ಬೇರೆ ಊರಿನ ಹೂವಿಗಿಲ್ಲ.

ಹಡಗಲಿಯ ಗಾಡಿ ಕಟ್ಟುಮಸ್ತಾಗಿತ್ತು, ಸೀಟು ಅಗಲ. ನಾನು ಎರಡು ಸುತ್ತು ಓಡಿಸಿದೆ. ಸದ್ದೇ ಇಲ್ಲದೆ ನೀರಿನ ಮೇಲೆ ಹೋದ ಹಾಗೆ ಹೋಯಿತು. “ಚೊಲೊ ಐತಿ ಅಕ್ಕಾ” ಎಂದೆ. ಅಕ್ಕ ಅಂಗಡಿಯವನ ಕಡೆ ತಿರುಗಿದಳು.

“ಬಂದ್ ಮಾಡ್ರಿ ಅದನ್ನ. ಕೀಲಿ ತಗೀರಿ.”

ಸೆರಗು ಬಿಗಿದು, ಹ್ಯಾಂಡಲ್ ಹಿಡಿದು ಅಂಗಡಿಯ ಮುಂದೆ ಗಾಡಿ ನೂಕತೊಡಗಿದಳು. ಹತ್ತು ಹೆಜ್ಜೆಗೆ ಉಬ್ಬಸ ಬಂತು.

“ಅಮ್ಮಾರ, ಇದು ಓಡ್ಸೋ ಗಾಡಿ ಐತ್ರಿ, ನೂಕೋ ಗಾಡಿ ಅಲ್ಲ.”

“ನಿಂತ ಮ್ಯಾಲ ಎಲ್ಲಾ ಗಾಡಿನೂ ನೂಕೋ ಗಾಡಿನ ಅಲ್ಲೇನಪಾ? ನನ್ನ ತಮ್ಮನ್ನ ಕೇಳು, ಅವನಿಗೆ ಗೊತ್ತೈತಿ.”

ಅಂಗಡಿಯವನು ಮರುಕದಿಂದ ನನ್ನ ಮುಖ ನೋಡಿದ. ನಾನು ಮಲ್ಲಿಗೆ ಮಾರುವವಳ ಬುಟ್ಟಿಯನ್ನು ನೋಡುತ್ತ ನಿಂತೆ.

ಮಧ್ಯಾಹ್ನ ಹರಪನಹಳ್ಳಿ. ಬಿಸಿಲು ಏರಿತ್ತು. ಅಲ್ಲಿಯ ಗಾಡಿ ನಾನು ಓಡಿಸಿದವುಗಳಲ್ಲೇ ಚುರುಕು. ಹ್ಯಾಂಡಲಿನ ಕಿವಿ ಹಿಂಡಿದರೆ ಚಿಮ್ಮುತ್ತಿತ್ತು. “ಪಿಕಪ್ ಹೆಂಗೈತೆ ನೋಡಿ ಅಣ್ಣಾರೇ!” ಎಂದ ಅಂಗಡಿಯ ಹುಡುಗ. ಆದರೆ ಅದಕ್ಕೆ ಲೈಸೆನ್ಸ್ ಬೇಕು, ಅಕ್ಕನ ಹತ್ತಿರ ಇರಲಿಲ್ಲ. ಅಕ್ಕ ಅದನ್ನೂ ನೂಕಿದಳು. ರಸ್ತೆಯ ಏರಿನಲ್ಲಿ ಅದು ಅವಳನ್ನೇ ಹಿಂದಕ್ಕೆ ಎಳೆಯಿತು.

“ಎತ್ತು ಜಗ್ಗಿದಂಗ ಜಗ್ಗತೈತಿ. ಬ್ಯಾಡ ನಡಿ.”

ಕೊಟ್ಟೂರಿಗೆ ಬಂದಾಗ ಹೊಟ್ಟೆ ಹಸಿದಿತ್ತು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದೆವು. ಹೋಟೆಲಿನವನು ಪಂಚಮಿಗೆ ತವರಿಗೆ ಹೊರಟವಳೆಂದು ಅಕ್ಕನಿಗೆ ಕೇಳದೆಯೇ ಇನ್ನೊಂದು ಮಿರ್ಚಿ ಹಾಕಿದ. ಆಗ ನಿಜ ಹೇಳಬಹುದಿತ್ತು. ನೀರು ಕುಡಿದೆ.

ಕೊಟ್ಟೂರಿನ ಗಾಡಿ ನೋಡಲು ಬಡಕಲು. ಜನ ಓಡಿಸಿ ನೋಡಲೆಂದು ಇಟ್ಟದ್ದು, ಒಂದು ಕಡೆ ಬಣ್ಣ ಕಿತ್ತುಹೋಗಿತ್ತು. ಲೈಸೆನ್ಸ್ ಬೇಕಿಲ್ಲದ್ದು, ಸೈಕಲ್ಲಿಗಿಂತ ತುಸು ಜೋರು, ಅಷ್ಟೇ. ನನಗೆ ಹಿಡಿಸಲಿಲ್ಲ. ಅಕ್ಕ ಒಂದೇ ಕೈಯಲ್ಲಿ ನೂಕಿ ನಕ್ಕಳು. ಆಮೇಲೆ ತಾನೇ ಹತ್ತಿ, ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ತುಳಿದ ಹಾಗೆ ಮೈ ಮುಂದೆ ಬಾಗಿಸಿ, ಬೀದಿಯ ಕೊನೆಯವರೆಗೆ ಹೋಗಿ ಬಂದಳು.

“ಇದ ಇರ್ಲಿ. ಈಗ ಒಯ್ತೀನಿ.”

“ಮುಂಜಾನಿಂದ ಮಂದಿ ಓಡ್ಸಿ ಚಾರ್ಜ್ ಖಾಲಿ ಆಗೈತಿ ತಂಗ್ಯವ್ವ. ನಾಳಿ ಒಯ್ರಿ” ಎಂದ ಅಂಗಡಿಯ ಯಜಮಾನ.

“ನಾಳಿ ರೊಟ್ಟಿ ಹಬ್ಬ, ಪಂಚಮಿ ಶುರು ಆತು. ತವರಿಗೆ ಗಾಡಿ ಮ್ಯಾಲ ಹೋಗ್ಬೇಕು ನಾನು.”

ಅವನು ಚಾರ್ಜಿಗೆ ಹಚ್ಚಿದ. ಒಂದು ತಾಸಾಗುವಷ್ಟರಲ್ಲಿ ಕರೆಂಟು ಹೋಯಿತು. ಆದಷ್ಟು ಚಾರ್ಜೇ ಸಾಕೆಂದು ಅಕ್ಕ ಸೊಂಟದ ಚೀಲ ಬಿಚ್ಚಿ ದುಡ್ಡು ಎಣಿಸುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲೂ ನಿಜ ಹೇಳಲಿಲ್ಲ. ಡ್ಯಾಮಿಗೆ ಹೋದದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಕೂಡ್ಲಿಗಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಅಕ್ಕ ಓಡಿಸಿದಳು, ನಾನು ಚೀಲ ತಬ್ಬಿಕೊಂಡು ಹಿಂದೆ ಕೂತೆ. ಊರು ದಾಟಿದ ಮೇಲೆ ರಸ್ತೆ ತುಂಬ ಕುರಿ. ಸದ್ದಿಲ್ಲದ ಗಾಡಿಗೆ ಒಂದೂ ಕದಲಲಿಲ್ಲ. ಕುರಿಗಾರ ತಿರುಗಿ ನೋಡಿ ಬೆಚ್ಚಿದ.

“ಏನವ್ವಾ, ದೆವ್ವ ಬಂದಂಗ ಬಂದಿ! ಒಂದೀಟು ಕೆಮ್ಮೆರ ಕೆಮ್ಮಬಾರ್ದಾ?”

ಅಕ್ಕ ಬಿದ್ದು ಬಿದ್ದು ನಕ್ಕಳು. ಅವಳು ಅಷ್ಟು ನಗುವುದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಅವಳ ಬೆನ್ನಿಗೇ ಹೇಳಿದೆ.

“ಅಕ್ಕಾ, ಹೋದ ವರ್ಷ ಬೈಕ್ ಕೆಟ್ಟಿದ್ದಿಲ್ಲ. ಡ್ಯಾಮ್ ನೋಡಾಕ ಹೋಗಿದ್ದೆ.”

ಗಾಡಿ ನಿಂತಿತು. ಅವಳು ತಿರುಗಲಿಲ್ಲ.

“ನೂಕಿದ್ದು?”

“ಸುಳ್ಳು.”

ಕುರಿಗಳೆಲ್ಲ ದಾಟಿ ಹೋದವು. ಹುಣಸೆಮರದ ನೆರಳು ಅವಳ ಕೈಮೇಲೆ ಅಲ್ಲಾಡುತ್ತಿತ್ತು.

“ಆ ಗಾಡಿಗೆ ಎಷ್ಟು ಬೈದೀನೋ ಬಸ್ಯಾ. ಅದರದೇನೂ ತಪ್ಪ ಇದ್ದಿಲ್ಲ ಅನ್ನು.”

ಇಷ್ಟೇ ಅಂದು ಗಾಡಿಯ ಕಿವಿ ತಿರುಗಿಸಿದಳು. ಹಿಂದಿನಿಂದ ಅವಳ ಮುಡಿಯ ಬಾಡಿದ ಮಲ್ಲಿಗೆಯನ್ನೇ ನೋಡುತ್ತ ಕೂತೆ.

ಕೂಡ್ಲಿಗಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ, ಒಂದು ಏರಿನಲ್ಲಿ ಗಾಡಿ ಸೋತು ನಿಂತಿತು. ಚಾರ್ಜ್ ಮುಗಿದಿತ್ತು. ಇಳಿಬಿಸಿಲು ನೇರವಾಗಿ ಬೆನ್ನಿಗೆ ಹೊಡೆಯುತ್ತಿತ್ತು. ನಾನು ಇಳಿದೆ. ಅಕ್ಕ ಇಳಿಯಲಿಲ್ಲ. ಹ್ಯಾಂಡಲ್ ಹಿಡಿದು ನೆಟ್ಟಗೆ ಕೂತೇ ಇದ್ದಳು.

“ಬಿಸಿಲಾಗ ನೂಕಿದೆ ಅಂದಿದ್ದಿ ಅಲ್ಲೇನು? ಈಗ ನೂಕು.”

ನೂಕಿದೆ. ಅವಳನ್ನೂ, ಅವಳ ಚೀಲವನ್ನೂ, ಅವಳ ಗಾಡಿಯನ್ನೂ. ಅಂಗಿ ತೊಯ್ದು ಬೆನ್ನಿಗೆ ಅಂಟಿತು. ಎದುರು ಬಂದವರು ನಕ್ಕು ದಾರಿ ಬಿಟ್ಟರು. ಏರು ಅರ್ಧ ದಾಟಿರಬೇಕು, ಅಕ್ಕ ಮುಂದೆ ನೋಡುತ್ತಲೇ ಒಂದು ಕೈ ಚೀಲಕ್ಕೆ ಹಾಕಿ, ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ಅಂಗೈಯಲ್ಲಿ ಶೇಂಗಾ ಉಂಡೆ ಇತ್ತು.

“ತಿನ್ನು. ನೂಕೋದು ಮಾತ್ರ ಬಿಡಬ್ಯಾಡ.”

ಎರಡೂ ಕೈ ಗಾಡಿಯ ಮೇಲಿದ್ದವು. ಬಾಯಿಯನ್ನೇ ಮುಂದಕ್ಕೆ ಚಾಚಿ ತೆಗೆದುಕೊಂಡೆ.