ಬಡವರಿಗೆಂದು ಬಿಟ್ಟ ಹಣ್ಣು

ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಕಂಡದ್ದರಲ್ಲೆಲ್ಲ ಪಾಠ ಕಾಣತೊಡಗುತ್ತದೆ. ನನಗಂತೂ ಇದು ಜೋರಾಗಿಯೇ ಅಂಟಿದೆ. ಸಿದ್ದಾಪುರದ ಬಸ್ಸು ತಡವಾಗಿ ಬಂದರೆ ತಾಳ್ಮೆಯ ಪಾಠ, ಕರೆಂಟು ಹೋದರೆ ಬೆಳಕಿನ ಪಾಠ, ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಾಲಿಗೆಯ ಮೇಲೆ ಹಿಡಿತವಿರಬೇಕು ಎಂಬ ಪಾಠ. ನನ್ನ ಯಜಮಾನರು ಇದ್ದಾಗ, "ದೋಸೆ ಸೀಯ್ತಾ ಇದೆ, ಮೊದ್ಲು ಒಲೆ ಆರಿಸು ಮಾರಾಯ್ತಿ, ಪಾಠ ಆಮೇಲೆ ತೆಗಿ" ಎಂದು ರೇಗಿಸುತ್ತಿದ್ದರು. ಹಾಗೆ ನಾನು ತೆಗೆದ ಪಾಠಗಳಲ್ಲಿ ಒಂದು ತಿರುಗಿ ನನ್ನ ಕಿವಿಯನ್ನೇ ಹಿಂಡಿತು. ಅದನ್ನು ಬರೆದಿಡೋಣವೆಂದು ಕೂತಿದ್ದೇನೆ. ಬರೆಯಲು ಖುಷಿಯೇನೂ ಇಲ್ಲ.

ಅಮ್ಮತ್ತಿಯ ಹತ್ತಿರ ನಮ್ಮದು ಮೂರು ಎಕರೆ ರೊಬಸ್ಟಾ ಕಾಫಿ ತೋಟ. ಯಜಮಾನರು ತೀರಿಕೊಂಡ ಮೇಲೆ ಅದು ನನ್ನ ತಲೆಗೆ ಬಂತು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಶಾಲೆ, ಚರ್ಚು, ಅಡುಗೆಮನೆ ಅಷ್ಟೆ. ಕಾಫಿ ಬೆಳೆಯುವವರಿಗೆ ಕುಯ್ಲಿನ ಕ್ರಮ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಜನವರಿಯಲ್ಲಿ ಹೆಂಗಸರು ಸಾಲು ಹಿಡಿದು ಹಣ್ಣು ಕುಯ್ಯುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಸಾಲು. ಗಿಡದಡಿಗೆ ಟಾರ್ಪಾಲು ಹಾಸಿದರೂ ಒಂದಷ್ಟು ನೆಲಕ್ಕೆ ಬೀಳುತ್ತದೆ. ಕುಯ್ಲು ಮುಗಿದ ಮೇಲೆ ಆ ಉದುರು ಹಣ್ಣನ್ನು ಒಂದೂ ಬಿಡದೆ ಹೆಕ್ಕಬೇಕು. ಬಿಟ್ಟರೆ ಅದರೊಳಗೆ ಕಾಯಿಕೊರಕ ಹುಳು ಸೇರಿಕೊಳ್ಳುತ್ತದೆ. ಇಲ್ಲಿ ಎಲ್ಲರೂ ಅದನ್ನು ಬೋರರ್ ಎನ್ನುತ್ತಾರೆ. ಬೇಸಿಗೆಯೆಲ್ಲ ಅಲ್ಲಿ ಬಚ್ಚಿಟ್ಟುಕೊಂಡಿದ್ದು, ಮಳೆ ಬಿದ್ದ ಮೇಲೆ ಹೊರಬಂದು ಹೊಸ ಕಾಯಿಯನ್ನು ಕೊರೆಯುತ್ತದೆ. ನಮ್ಮ ತೋಟ, ಪಕ್ಕದವರ ತೋಟ ಎಂಬ ಭೇದ ಅದಕ್ಕಿಲ್ಲ.

ಎರಡು ವರ್ಷದ ಹಿಂದೆ, ಕುಯ್ಲಿಗೆ ಸ್ವಲ್ಪ ಮುಂಚೆ, ಸುಗ್ಗಿಯ ಬಗ್ಗೆ ಮಕ್ಕಳಿಗೆ ಪಾಠ ಮಾಡಿದೆ. ಹೊಲ ಕೊಯ್ಯುವಾಗ ಉದುರಿದ ತೆನೆಯನ್ನು ಆಯ್ದುಕೊಳ್ಳದೆ ಬಡವರಿಗೂ ವಿಧವೆಯರಿಗೂ ಬಿಡಬೇಕೆಂಬ ಹಳೆಯ ಕಟ್ಟಳೆ ನಮ್ಮ ಸತ್ಯವೇದದಲ್ಲಿದೆಯಲ್ಲ, ಅದೇ. ಹೇಳುತ್ತ ಹೇಳುತ್ತ ನನ್ನ ಮಾತಿಗೆ ನಾನೇ ಕರಗಿಹೋದೆ. ನನ್ನ ಹತ್ತಿರವೂ ತೋಟವಿದೆ, ನನ್ನ ತೋಟದಲ್ಲೂ ಹಣ್ಣು ಉದುರುತ್ತದೆ, ಬರೀ ಬಾಯಿಮಾತಿನಲ್ಲಿ ಹೇಳಿದರೆ ಸಾಕೇ ಎನ್ನಿಸಿತು.

ವಿಧವೆಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ನಾನೂ ವಿಧವೆಯೇ ಎಂಬುದು ಆಗ ಹೊಳೆಯಲೇ ಇಲ್ಲ ಎನ್ನಿ. ನಮ್ಮ ತೋಟಕ್ಕೆ ಮೊದಲಿನಿಂದಲೂ ಕುಯ್ಲಿಗೆ ಬರುತ್ತಿದ್ದ ಒಬ್ಬ ಅಕ್ಕ ಇದ್ದರು. ಹತ್ತಿರದ ದೊಡ್ಡ ಎಸ್ಟೇಟಿನವರು ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಮಗಳ ಜೊತೆ ವಾಸ. ಮನೆಮಾತು ತಮಿಳು, ಪ್ರಾರ್ಥನೆ ಮಾತ್ರ ನಮ್ಮ ಚರ್ಚಿನಲ್ಲಿ ಕನ್ನಡದಲ್ಲೇ. ಯಾವಾಗಲೂ ಕೊನೆಯ ಬೆಂಚು. ಆ ವರ್ಷ ಅವರಿಗೆ ಮೊಣಕಾಲು ನೋವು ಹೆಚ್ಚಾಗಿತ್ತು. ಇವರನ್ನು ಕುಯ್ಲಿಗೆ ಕರೆದು ದಣಿಸುವುದು ಬೇಡ, ಉದುರು ಹಣ್ಣು ಪೂರ್ತಿ ಇವರಿಗೇ ಇರಲಿ, ನಿಧಾನವಾಗಿ ಕೂತು ಹೆಕ್ಕಿಕೊಳ್ಳಲಿ ಎಂದು ನಿರ್ಧರಿಸಿದೆ. ಅವರನ್ನು ಕೇಳಲಿಲ್ಲ. ಕುಯ್ಲು ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕರೆದು ಹೇಳಿದೆ. ಅವರು ಸೆರಗಿನ ತುದಿ ಹಿಡಿದುಕೊಂಡು, "ಆಯ್ತು ಟೀಚರಮ್ಮ" ಎಂದರು. ನನಗೆ ಅದು ಕೃತಜ್ಞತೆಯಂತೆ ಕೇಳಿಸಿತು.

ಬೋರರ್ ವಿಷಯ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಒಳ್ಳೆಯ ಮನಸ್ಸಿನಿಂದ ಬಿಟ್ಟ ಹಣ್ಣಿಗೆ ದೇವರು ಹುಳು ಬೀಳಿಸುವುದಿಲ್ಲ ಎಂದುಕೊಂಡೆ. ಆ ಭಾನುವಾರ ಚರ್ಚಿನಲ್ಲಿ, ದೇವರ ಕೃಪೆಯನ್ನು ನೆನೆದು ಎಲ್ಲರ ಮುಂದೆ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದುನಿಂತು, ಈ ವರ್ಷ ನನ್ನ ತೋಟದ ಉದುರು ಹಣ್ಣನ್ನು ಒಬ್ಬ ಬಡ ವಿಧವೆಗೆ ಬಿಡಲು ಕರ್ತನು ನನ್ನನ್ನು ಪ್ರೇರೇಪಿಸಿದನು ಎಂದೂ ಹೇಳಿದೆ. ಸ್ತ್ರೀ ಸಂಘದವರು ಆರಾಧನೆ ಮುಗಿದ ಮೇಲೆ ಕೈ ಹಿಡಿದು ಕುಲುಕಿದರು. ಆ ಬಡ ವಿಧವೆ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅವರ ಹೆಸರು ಹೇಳಲಿಲ್ಲವಲ್ಲ ಎಂದು ನನಗೆ ಸಮಾಧಾನ. ಹೇಳದಿದ್ದರೂ ಯಾರಿಗೆ ಗೊತ್ತಾಗುವುದಿಲ್ಲ?

ಅವರು ಬಂದದ್ದು ಎರಡೇ ದಿನ. ಒಂದು ಗೋಣಿಚೀಲದಷ್ಟು ಹೆಕ್ಕಿ ಹೊತ್ತುಕೊಂಡು ಹೋದರು. ಮೂರನೆಯ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಕಾಲು ನೋವಿರಬೇಕು ಎಂದುಕೊಂಡು ಸುಮ್ಮನಾದೆ. ವಿಚಾರಿಸಲು ಹೋಗಲಿಲ್ಲ. ಬೇರೆಯವರಿಂದ ಹೆಕ್ಕಿಸಿದರೆ ಕೊಟ್ಟ ಮಾತಿಗೆ ತಪ್ಪಿದಂತಾಗುತ್ತದೆ ಎಂಬ ನೆಪವೂ ಸಿಕ್ಕಿತು. ಹಣ್ಣು ಅಲ್ಲೇ ಬಿದ್ದು ಒಣಗಿತು. ನಾನು ಕೊಟ್ಟಾಗಿತ್ತು, ಸಾಕ್ಷಿ ಹೇಳಿಯೂ ಆಗಿತ್ತು.

ಮುಂದಿನ ಕುಯ್ಲು ಹತ್ತಿರವಾಗಿದ್ದ ಡಿಸೆಂಬರಿನ ಒಂದು ಬೆಳಿಗ್ಗೆ ಪಕ್ಕದ ತೋಟದ ಯಜಮಾನರು ಬಂದರು. ನನಗಿಂತ ಸ್ವಲ್ಪ ದೊಡ್ಡವರು, ನಾನು ಅಣ್ಣಾ ಎಂದೇ ಕರೆಯುವುದು. ಮುಂಗೋಪಿ, ಆದರೆ ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನಮ್ಮ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿ ನೀರು ಹೊಡೆಸಿದವರು ಅವರೇ. ಅಂಗೈಯಲ್ಲಿ ನಾಲ್ಕೈದು ಕಾಫಿ ಹಣ್ಣು ಹಿಡಿದುಕೊಂಡಿದ್ದರು. ಪ್ರತಿ ಹಣ್ಣಿನ ತುದಿಯಲ್ಲೂ ಸೂಜಿಯಿಂದ ಚುಚ್ಚಿದಂಥ ತೂತು. ಒಂದನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಸಾಸಿವೆಗಿಂತ ಚಿಕ್ಕ ಕಪ್ಪು ಹುಳು ಮಿಸುಕಾಡುತ್ತಿತ್ತು.

"ನೋಡಿ ಟೀಚರ್, ಬೇಲಿ ಪಕ್ಕದ ನಾಲ್ಕು ಸಾಲು ಪೂರ್ತಿ ಬೋರರ್ ಹೊಡ್ದಿದೆ" ಎಂದರು. "ಆ ಲೈನ್ ಮನೆ ಅಜ್ಜಿದೇ ಕೆಲ್ಸ. ಹೋದ ಸಲ ಎಲ್ಲಿಂದ್ಲೋ ಹೆಕ್ಕಿದ ಹಣ್ಣು ಗೋಣಿಗೆ ತುಂಬ್ಕೊಂಡು ನಮ್ ತೋಟದೊಳಗೇ ಓಡಾಡ್ತಿದ್ಲು. ನಾನೇ ಕಣ್ಣಾರೆ ನೋಡಿದ್ದೀನಿ. ನಿನ್ನೆ ಲೈನಿಗೇ ಹೋಗಿ ಸರಿಯಾಗಿ ಬೈದು ಬಂದೆ. ಇನ್ನು ನಮ್ ತೋಟದ ದಾರಿ ಅವ್ಳಿಗೆ ಬಂದ್. ನಿಮ್ಗೂ ಹತ್ತಿಸಿರ್ತಾಳೆ, ಒಂದ್ಸಲ ನೋಡ್ಕೊಳ್ಳಿ."

ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ ಒಂದು. ಹೇಳಿದ್ದು ಮಾತ್ರ, "ಹೌದಾ ಅಣ್ಣಾ? ಕೂತ್ಕೊಳ್ಳಿ, ಕಾಫಿ ತರ್ತೀನಿ."

ಅವರು ಹೋದ ಮೇಲೆ ತೋಟಕ್ಕೆ ಇಳಿದೆ. ನಮ್ಮ ಗಿಡಗಳಲ್ಲಿ ಅವರಿಗಿಂತ ಹೆಚ್ಚು ತೂತು. ಗಿಡಗಳ ಬುಡದಲ್ಲಿ ಹೋದ ವರ್ಷದ ಹಣ್ಣು ಕಪ್ಪಾಗಿ ಹಾಗೇ ಬಿದ್ದಿತ್ತು. ಹುಳು ಎಲ್ಲಿಂದ ಹೋಗಿದೆ ಎಂದು ತಿಳಿಯಲು ಕಾಫಿ ಬೋರ್ಡಿನವರು ಬಂದು ಹೇಳಬೇಕಾಗಿರಲಿಲ್ಲ. ತಪ್ಪು ನನ್ನದು, ಬೈಗುಳ ಅಕ್ಕನಿಗೆ. ಪಕ್ಕದ ತೋಟದೊಳಗಿನ ಕಾಲುದಾರಿಯೇ ಅವರಿಗೆ ಲೈನಿನಿಂದ ಬಸ್ಸಿಗೂ ಚರ್ಚಿಗೂ ಹತ್ತಿರ. ಅದು ಮುಚ್ಚಿದರೆ ರಸ್ತೆ ಸುತ್ತಿಕೊಂಡು ಏರು ಹತ್ತಬೇಕು. ಅದಕ್ಕಿಂತ ಹೆಚ್ಚಾಗಿ, ತೋಟದಿಂದ ತೋಟಕ್ಕೆ ರೋಗ ಹೊತ್ತು ತರುವವಳು ಎಂದು ಒಮ್ಮೆ ಹೆಸರು ಬಿದ್ದರೆ ಈ ಕಡೆ ಯಾರೂ ಅವರನ್ನು ಗೇಟಿನೊಳಗೆ ಬಿಡುವುದಿಲ್ಲ. ಇದೆಲ್ಲ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡು ವಾರ ಬಾಯಿ ಬಿಡಲಿಲ್ಲ.

ದೇವರ ಮುಂದೆ ಮಾತ್ರ ದಿನವೂ ಮೊಣಕಾಲೂರಿ ಕ್ಷಮೆ ಕೇಳಿದೆ. ಅದು ಸುಲಭ. ದೇವರೇನು ಪಕ್ಕದ ತೋಟದವರಲ್ಲ, ಮರುದಿನ ಬೇಲಿಯ ಹತ್ತಿರ ಸಿಗುವುದಿಲ್ಲ. ಎರಡನೆಯ ಭಾನುವಾರ ಆರಾಧನೆ ಅರ್ಧ ಮುಗಿದ ಮೇಲೆ ಅಕ್ಕ ಬೆವರುತ್ತ ಬಂದರು. ಒಳಗೆ ಬರುವ ಮುಂಚೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡದ್ದು ಕಿಟಕಿಯಿಂದ ಕಾಣುತ್ತಿತ್ತು. ಆಮೇಲೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳಲಿಲ್ಲ. ಚಿತ್ರಕ್ಕೆ ಬಣ್ಣ ತುಂಬಿ ಎಂದು ಕಾಗದ ಹಂಚಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂದು ಮಧ್ಯಾಹ್ನವೇ ಪಕ್ಕದ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಕರಿಮೆಣಸಿನ ಕಸ ತೆಗೆಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಉದುರು ಹಣ್ಣು ನನ್ನದು, ಬಿಟ್ಟವಳು ನಾನು, ಆಮೇಲೆ ತಿರುಗಿ ನೋಡದವಳೂ ನಾನು, ನೀವು ಬಂದ ದಿನವೇ ಹೇಳದೆ ಕಾಫಿ ಕೊಟ್ಟು ಕಳಿಸಿದವಳೂ ನಾನೇ ಎಂದೆ.

ಅವರು ಕೈಯಲ್ಲಿದ್ದ ಮೆಣಸನ್ನು ಕೆಳಗೆ ಹಾಕಿದರು. "ಯಾಕೆ ಬಿಟ್ರಿ?" ಎಂದು ಕೇಳಿದರು. ಸುಗ್ಗಿಯ ಕಟ್ಟಳೆಯ ಬಗ್ಗೆ ಹೇಳಿದೆ.

"ಅದು ಗೋಧಿಗೋ ಬಾರ್ಲಿಗೋ ಹೇಳಿದ್ದಲ್ವಾ ಟೀಚರ್? ಇದು ಕಾಫಿ!" ಎಂದು ದನಿ ಏರಿಸಿದರು. ಬೈಸಿಕೊಳ್ಳಲು ನಾನು ತಯಾರಾಗಿಯೇ ಹೋಗಿದ್ದೆ. ಬೈದರು ಕೂಡ. ತೋಟ ನೋಡಿಕೊಳ್ಳಲು ಬಾರದಿದ್ದರೆ ಕೇಳಬೇಕಿತ್ತು, ಬಾಯಿಲ್ಲವೇ ಎಂದರು. ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿ ಎದ್ದರು. "ನನ್ ಹತ್ರ ಹೇಳಿ ಏನ್ ಪ್ರಯೋಜ್ನ? ನಾನು ಆಯಮ್ಮನಿಗೆ ಬೈದದ್ದು ಲೈನಿನ ಮುಂದೆ, ಎಲ್ರ ಎದುರು. ನಡೀರಿ, ಅಲ್ಲಿಗೇ ಹೋಗೋಣ. ಇಬ್ರೂ" ಎಂದು ಚಪ್ಪಲಿ ಮೆಟ್ಟಿದರು.

ದೇವರನ್ನು ಮೆಚ್ಚಿಸಲು ಹೊರಟ ನಾನು ಎರಡು ವಾರ ತಡಕಾಡಿದ್ದನ್ನು, ನಮ್ಮ ಚರ್ಚಿನ ಮೆಟ್ಟಿಲು ಹತ್ತದ ಈ ಮುಂಗೋಪಿ ಮನುಷ್ಯ ಒಂದು ನಿಮಿಷದಲ್ಲಿ ತೀರ್ಮಾನಿಸಿದರು. ನಾಚಿಕೆಯಾಯಿತು, ಅವರ ಮೇಲೆ ಗೌರವವೂ ಬಂತು. ತಪ್ಪು ಎಲ್ಲಿ ಮಾಡಿದೆವೋ ಅಲ್ಲೇ ಹೋಗಿ ನಿಲ್ಲಬೇಕು ಎನ್ನುವುದನ್ನು ನಾನು ಎಷ್ಟು ಮಕ್ಕಳಿಗೆ ಕಲಿಸಿದ್ದೆನೋ.

ಭಾನುವಾರವಾದ್ದರಿಂದ ಲೈನಿನಲ್ಲಿ ಎಲ್ಲರೂ ಇದ್ದರು. ಅಕ್ಕ ಹೊರಗೆ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ನಮ್ಮನ್ನು ಕಂಡು ಕತ್ತಿ ಕೆಳಗಿಟ್ಟು ಎದ್ದುನಿಂತರು. ಇನ್ನೊಂದು ಬೈಗುಳ ಎಂದುಕೊಂಡಿರಬೇಕು. ನಾನು, ಹುಳು ಹೋದದ್ದು ನನ್ನ ತೋಟದಿಂದ, ಅಕ್ಕನ ಗೋಣಿಯಿಂದಲ್ಲ, ಇದು ನನಗೆ ಮೊದಲೇ ಗೊತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಣ್ಣ ಮಾತು ಚಿಕ್ಕದು ಮಾಡಿದರು. "ನಾನು ಬೈದದ್ದು ತಪ್ಪಾಯ್ತಮ್ಮ. ದಾರಿ ಮೊದ್ಲಿನ ಹಾಗೇ ಇದೆ, ನೀವು ಓಡಾಡಿ." ಅಷ್ಟು ಹೇಳಿ ಹೊರಟೇ ಹೋದರು.

ಅಕ್ಕ ನನಗೆ ಒಂದು ಸ್ಟೂಲು ಕೊಟ್ಟರು. ತಾವು ಕೂತು ಮತ್ತೆ ಗೆಣಸು ಸುಲಿಯತೊಡಗಿದರು. ಕ್ಷಮಿಸಿದೆ ಎಂದು ಅವರು ಬೇಗ ಹೇಳಿಬಿಟ್ಟರೆ ಸಾಕು, ಎದ್ದು ಹೋಗಬಹುದು ಎಂದು ನಾನು ಕಾಯುತ್ತಿದ್ದೆ. ಅವರು ಅದನ್ನು ಹೇಳಲಿಲ್ಲ.

"ಹಣ್ಣು ನೀವು ಬಿಟ್ರಿ, ಸರಿ. ಕುಯ್ಲಿಗೆ ಯಾಕೆ ಕರೀಲಿಲ್ಲ ಟೀಚರಮ್ಮ?"

"ನಿಮಗೆ ಕಾಲು ನೋವಲ್ವಾ ಅಕ್ಕಾ. ಕಷ್ಟ ಆಗ್ಬಾರ್ದು ಅಂತ..."

"ಕಾಲು ನಂದು. ನೋವಿದ್ರೆ ನಾನೇ ಹೇಳ್ತಿದ್ದೆ." ಗೆಣಸಿನಿಂದ ಕಣ್ಣು ತೆಗೆಯಲಿಲ್ಲ. "ನಿಮ್ ಯಜಮಾನ್ರ ಕಾಲದಿಂದ್ಲೂ ಮೊದಲ್ನೇ ಸಾಲು ನಂದೇ. ಎಲ್ರೂ ಕುಯ್ತಾ ಮಾತಾಡ್ತಾರೆ, ಜಗಳ ಆಡ್ತಾರೆ, ನಗ್ತಾರೆ. ಹನ್ನೊಂದು ಗಂಟೆಗೆ ಒಟ್ಟಿಗೆ ಕೂತು ಚಾ ಕುಡಿಯೋದು. ನೀವು ನನ್ನ ಎಲ್ಲ ಮುಗಿದ್ಮೇಲೆ ಕರೆದ್ರಿ. ಅಷ್ಟು ದೊಡ್ಡ ತೋಟದಲ್ಲಿ ಒಬ್ಳೇ ಕೂತು ಹೆಕ್ಕಿದೆ. ಎರಡು ದಿನ ಆಯ್ತು, ಆಗ್ಲಿಲ್ಲ. ಕಾಲು ನೋವಿಗೆ ಬಿಟ್ಟಿದ್ದಲ್ಲ. ಅಳು ಬಂತು, ಅದಕ್ಕೆ ಬಿಟ್ಟೆ."

ಚರ್ಚಿನಲ್ಲಿ ನಾನು ಹೇಳಿದ ಸಾಕ್ಷಿಯ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಅವರ ಕೆಲಸ ಕಿತ್ತುಕೊಂಡು, ಅದರ ಬದಲಿಗೆ ನೆಲಕ್ಕೆ ಬಿದ್ದದ್ದನ್ನು ಕೊಟ್ಟು, ಅದಕ್ಕೆ ಧರ್ಮವೆಂದು ಹೆಸರಿಟ್ಟಿದ್ದೆ. ದಾನ ಕೊಡುವಾಗ ನನ್ನ ಕೈಯನ್ನು ನಾನು ನೋಡಿಕೊಂಡಿದ್ದೆನೇ ಹೊರತು ಅವರ ಮುಖವನ್ನು ನೋಡಿರಲಿಲ್ಲ. ಅವರ ಮುಂದೆ ಸ್ಟೂಲಿನ ಮೇಲೆ ಕೂತಿರುವುದೂ ಭಾರವೆನಿಸಿ ನೆಲಕ್ಕೆ ಇಳಿದು ಕೂತೆ. "ಈ ಸಲ ಕುಯ್ಲಿಗೆ ಬರ್ತೀರಾ ಅಕ್ಕಾ?" ಎಂದು ಕೇಳಿದೆ. ಅವರು, "ಬೇಯಿಸ್ತೀನಿ, ತಿಂದು ಹೋಗಿ" ಎಂದು ಗೆಣಸಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಜನವರಿಯಲ್ಲಿ ಕುಯ್ಲು ಶುರುವಾದ ದಿನ ಅಕ್ಕ ಬಂದರು. ಯಾರೂ ಏನೂ ಹೇಳದೆಯೇ ಉಳಿದ ಹೆಂಗಸರು ಮೊದಲನೆಯ ಸಾಲು ಬಿಟ್ಟು ನಿಂತುಕೊಂಡರು. ಆ ಸಲ ಉದುರು ಹಣ್ಣು ಹೆಕ್ಕುವುದು ನನ್ನ ಕೆಲಸ ಎಂದು ಮೊದಲೇ ಹೇಳಿದ್ದೆ. ಹೆಂಗಸರು ಕುಯ್ಯುತ್ತ ಇಳಿಜಾರಿನ ಮೇಲಕ್ಕೆ ಹೋದ ಹಾಗೆ ನಾನು ಹಿಂದಿನ ಗಿಡಗಳ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬುಟ್ಟಿಗೆ ಹಾಕುತ್ತ ಬಂದೆ. ಸ್ವಲ್ಪ ಹೊತ್ತಿನಲ್ಲೇ ಅವರ ಮಾತು, ನಗು ದೂರವಾಯಿತು. ಸೊಂಟ ಹಿಡಿದುಕೊಂಡಿತು. ಮೇಲಿನಿಂದ ಯಾರೋ ನನ್ನ ಬಗ್ಗೆಯೇ ಏನೋ ಹೇಳಿ ಎಲ್ಲರೂ ನಕ್ಕಂತಾಯಿತು. ಅದು ನಿಜವೋ ನನ್ನ ಭ್ರಮೆಯೋ ಎಂದು ಕೇಳಿ ತಿಳಿಯಲು ಹತ್ತಿರ ಯಾರೂ ಇರಲಿಲ್ಲ.

ಎಲೆ ಸರಿಸುವ ಸದ್ದು ಕೇಳಿ ತಲೆ ಎತ್ತಿದೆ. ಅಕ್ಕ ತಮ್ಮ ಸಾಲನ್ನು ಅರ್ಧಕ್ಕೇ ಬಿಟ್ಟು, ಗಿಡದ ರೆಂಬೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದು ಬರುತ್ತಿದ್ದರು. ಹತ್ತಿರ ಬಂದು, ಒಂದು ಕಾಲು ಚಾಚಿ ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಒಬ್ರೇ ಹೆಕ್ಬಾರ್ದು ಟೀಚರಮ್ಮ" ಎಂದರು, ನನ್ನ ಬುಟ್ಟಿಯನ್ನು ಇಬ್ಬರ ನಡುವೆ ಎಳೆದುಕೊಂಡು.